ಕಿರೀಟ ಬ್ಯಾಡ, ರುಮಾಲು ಇರಲಿ

ಜನಪದ ಕಥೆ ಹೇಳುವವರಿಗೆ ಒಂದು ಸುಖವಿದೆ. ರಾಜ ಹೇಗಿದ್ದ ಎಂದು ಅವರು ಹೇಳಬೇಕಾಗಿಲ್ಲ. 'ಒಂದೂರಾಗ ಒಬ್ಬ ರಾಜ ಇದ್ದ' ಅಂದರೆ ಮುಗಿಯಿತು. ಅವನ ಮೀಸೆ, ಮೆಟ್ಟು, ಮಂಚ ಎಲ್ಲದರ ಜವಾಬ್ದಾರಿ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವ ನನ್ನಂಥವರ ತಲೆಗೆ. ಅಡುಗೆಮನೆಯಲ್ಲಿ ಹೆಣ್ಣುಮಕ್ಕಳು ಹೇಳುವ ಕಥೆಗಳ ಪಾತ್ರಗಳಿಗೆ ಹೆಸರೂ ಇರುವುದಿಲ್ಲವೆಂದು, ಬೆಳಗಾವಿಯಲ್ಲಿ ಮೇಷ್ಟ್ರಾಗಿದ್ದಾಗ ಕಥೆ ಕೂಡಿಹಾಕಿದ ಎ. ಕೆ. ರಾಮಾನುಜನ್ ಗುರುತಿಸಿದ್ದರು. ಹೆಸರೇ ಇಲ್ಲದವನಿಗೆ ಮುಖ ಎಲ್ಲಿಂದ ತರುವುದು?

ನಾನು ಮೊದಮೊದಲು ಚಂದಮಾಮದಿಂದ ಕಡ ತಂದೆನು. 1947ರಲ್ಲಿ ಮದರಾಸಿನಲ್ಲಿ ಹುಟ್ಟಿ, ಬೇಗನೇ ಕನ್ನಡಕ್ಕೂ ಬಂದ ಪತ್ರಿಕೆ ಅದು. ಎಂ. ಟಿ. ವಿ. ಆಚಾರ್ಯರ ಮಹಾಭಾರತದ ಮುಖಪುಟಗಳು, ಶಂಕರ್ ಬರೆದ ವಿಕ್ರಮ, ಅವನ ಹೆಗಲ ಮೇಲಿನ ಬೇತಾಳ! ಐರಣಿಯೆಂಬ ಹಳ್ಳಿಯ ಹುಡುಗನಾದ ನನಗೆ ರಾಜನೆಂದರೆ ಅಂಥವನೇ. ಬರಿಮೈ, ಮೈತುಂಬ ಒಡವೆ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ತೋರಿಸಿದರೆ ಅಜ್ಜಿ, "ಇಂವ ಯಾವೂರಾಂವೋ ತಮ್ಮಾ? ಚಳಿ ಆಗೂದಿಲ್ಲೇನು ಇಂವಗ?" ಅಂದಳು.

ಕೇಳಿದ್ದು ಸರಿಯಾಗಿತ್ತು. ಅಜ್ಜಿ ಹೇಳುವ ಕಥೆಗಳ ರಾಜ ರೊಟ್ಟಿ ತಿಂದು ಹೊಲಕ್ಕೆ ಹೋಗುತ್ತಿದ್ದ, ಹೊಳೆಯಲ್ಲಿ ಎತ್ತಿನ ಮೈ ತೊಳೆಯುತ್ತಿದ್ದ. ನೀರು ಹೊತ್ತು ತರುವವಳು ರಾಣಿಯೇ. ಕಾಡಿಗೆ ಹೋದರೆ ಸಿಂಹ ಸಿಗುತ್ತಿರಲಿಲ್ಲ, ಚಿಗರಿ, ತೋಳ ಸಿಗುತ್ತಿದ್ದವು. 1974ರಲ್ಲಿ ಸರ್ಕಾರ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಧಾಮ ಮಾಡಿದ್ದು ಆ ಚಿಗರಿಗಳಿಗೇ. ತುಂಗಭದ್ರೆಯ ದಂಡೆಯ ನಮ್ಮೂರಿಗೆ ಖರೇ ಕೋಟೆಯೇ ಇದೆ. 1800ರಲ್ಲಿ ಬಂಡುಕೋರ ಧೋಂಡಿಯಾ ವಾಘನ ಬೆನ್ನು ಹತ್ತಿ ಬ್ರಿಟಿಷ್ ಸೇನಾಧಿಕಾರಿ ವೆಲ್ಲೆಸ್ಲಿ ಈ ಸೀಮೆಗೆ ಬಂದಿದ್ದ. ಅಜ್ಜಿಗೆ ಕೋಟೆ, ವೆಲ್ಲೆಸ್ಲಿ ಯಾವುದೂ ಲೆಕ್ಕಕ್ಕಿಲ್ಲ. ಅರಮನೆಗೆ ಪಡಸಾಲೆ, ಕಟ್ಟೆ, ಒಂದು ಗೂಟ ಇದ್ದರೆ ಸಾಕು.

ಗೂಟ ಸಣ್ಣ ವಸ್ತುವಲ್ಲ. ರಾಮಾನುಜನ್ ಇಂಗ್ಲಿಷಿಗೆ ಒಯ್ದ ಕನ್ನಡ ಕಥೆಯೊಂದಿದೆ. ಕಥೆ, ಹಾಡು ಎರಡೂ ಗೊತ್ತಿದ್ದು ಯಾರಿಗೂ ಹೇಳದ ಹೆಂಗಸು. ಒಳಗೇ ಉಸಿರುಗಟ್ಟಿದ ಕಥೆ ಹೊರಬಿದ್ದು ಬಾಗಿಲಲ್ಲಿ ಜೋಡಾಗುತ್ತದೆ, ಹಾಡು ಗೂಟದಲ್ಲಿ ಗಂಡಸಿನ ಕೋಟಾಗುತ್ತದೆ. ಗಂಡನಿಗೆ ಸಂಶಯ, ಜಗಳ. ಸಿಟ್ಟಿನಲ್ಲಿ ಹನುಮಪ್ಪನ ಗುಡಿಗೆ ಹೋಗಿ ಮಲಗುತ್ತಾನೆ. ಊರವರು ಆರಿಸಿದ ದೀಪಗಳೆಲ್ಲ ರಾತ್ರಿ ಅಲ್ಲಿ ಸೇರಿ ಹರಟುವಾಗ ನಿಜ ಅವನ ಕಿವಿಗೆ ಬೀಳುತ್ತದೆ. ಕಾರ್ನಾಡರ 'ನಾಗಮಂಡಲ' (1988) ಈ ದೀಪಗಳನ್ನು ರಂಗಕ್ಕೆ ತಂದಿತು.

ನಾನು ಇದಕ್ಕೆ ಚಿತ್ರ ಬರೆದಾಗ ಕೋಟು ಬಿಟ್ಟು ಕುರುಬರ ಕರಿ ಕಂಬಳಿ ತೂಗುಹಾಕಿದೆ. ಗೂಟದಲ್ಲಿ ಬೇರೆ ಕಂಬಳಿ ಕಂಡರೆ ಮನೆಗೆ ಯಾರೋ ಬಂದಿದ್ದಾರೆಂದು ನಮ್ಮ ಕಡೆಯ ಮಗುವಿಗೆ ಹೇಳಿಕೊಡಬೇಕಿಲ್ಲ. ದೀಪಗಳನ್ನು ಬರೆಯುವಾಗ ಬಹಳ ಖುಷಿಪಟ್ಟೆ. ಗೌಡರ ಮನೆಯ ದೀಪಕ್ಕೆ ಸ್ವಲ್ಪ ಹೊಟ್ಟೆ; ಎಣ್ಣೆ ಸಾಲದ ಮನೆಯದಕ್ಕೆ ನಿದ್ದೆಗಣ್ಣು.

ಕಂಬಳಿಗೆ ಪ್ರಕಾಶಕರು ಒಪ್ಪಿದರು. ತಕರಾರು ಬಂದದ್ದು ಮುಂದಿನ ಪುಸ್ತಕದ ರಾಜನ ಬಗ್ಗೆ. "ರುಮಾಲು ಸುತ್ತಿದವನನ್ನು ರಾಜ ಅಂತ ಮಕ್ಕಳು ಹೇಗೆ ಗುರುತಿಸಬೇಕು ಸರ್? ಕಿರೀಟ ಬೇಕೇ ಬೇಕು." ಸರಿ, ಬರೆದುಕೊಟ್ಟೆ. ಕಿರೀಟ ಗೂಟದಲ್ಲಿದೆ, ರಾಜ ರುಮಾಲು ಸುತ್ತಿಕೊಂಡು ಎತ್ತಿಗೆ ಮೇವು ಹಾಕುತ್ತಿದ್ದಾನೆ.