ಕೋಡ್ ಓದಿದ ಜಡ್ಜ್ ಸಾಹೇಬ್ರು

ಜಡ್ಜ್ ಅಂದ ಕೂಡ್ಲೆ ನಂಗೆ ನೆನಪಾಗೋದು ನಮ್ಮ ಸಿನಿಮಾ ಜಡ್ಜುಗಳು. ಸುತ್ತಿಗೆ ಕುಟ್ಟಿ "ಆರ್ಡರ್ ಆರ್ಡರ್" ಅನ್ನೋದು, ಕ್ಲೈಮ್ಯಾಕ್ಸಿನಲ್ಲಿ ಹೀರೋನ ಬಿಡುಗಡೆ ಮಾಡೋದು. ಅಷ್ಟೇ ಕೆಲಸ :-) ಹಾಗಾಗಿ, ಕೋಡ್ ಓದಿ ಅರ್ಥ ಮಾಡ್ಕೊಂಡು ತೀರ್ಪು ಬರೆದ ಜಡ್ಜ್ ಒಬ್ರ ಬಗ್ಗೆ ಆಫೀಸಿನ ಕಾಫಿ ಟೈಮಲ್ಲಿ ಗೆಳೆಯನೊಬ್ಬ ಹೇಳಿದಾಗ ನಾನು ನಂಬಲಿಲ್ಲ. ಹುಡುಕಿ ಓದಿದೆ. ಓದ್ತಾ ಓದ್ತಾ ಎರಡು ಭಾನುವಾರ ಹೋಯ್ತು.

ಹೆಸರು ವಿಲಿಯಂ ಅಲ್ಸಪ್. ಹುಟ್ಟಿದ್ದು 1945ರಲ್ಲಿ, ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ. ಕರಿಯರಿಗೆ ಬೇರೆ ಶಾಲೆ, ಬೇರೆ ನಲ್ಲಿ ಅಂತಿದ್ದ ಕಾಲ ಅದು. ಅಂಥ ಊರಲ್ಲಿ ಬೆಳೆದ ಬಿಳಿ ಹುಡುಗನ ಮನಸ್ಸು ಹೇಗೆ ಬದಲಾಯ್ತು ಅನ್ನೋದನ್ನ 2019ರಲ್ಲಿ ಬಂದ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ಮೊದಲು ಓದಿದ್ದು ಗಣಿತ, ಆಮೇಲೆ ಹಾರ್ವರ್ಡ್‌ನಲ್ಲಿ ಕಾನೂನು. ಸುಪ್ರೀಂ ಕೋರ್ಟಿನ ಜಸ್ಟೀಸ್ ಡಗ್ಲಾಸ್ ಹತ್ರ ಕ್ಲರ್ಕ್ ಆಗಿ, ವರ್ಷಗಟ್ಟಲೆ ವಕೀಲಿಕೆ ಮಾಡಿದ ಮೇಲೆ, 1999ರಲ್ಲಿ ಅಧ್ಯಕ್ಷ ಕ್ಲಿಂಟನ್ ಅವರನ್ನ ಸ್ಯಾನ್ ಫ್ರಾನ್ಸಿಸ್ಕೋದ ಫೆಡರಲ್ ಜಿಲ್ಲಾ ಕೋರ್ಟಿಗೆ ನೇಮಿಸಿದರು.

ಈ ಜಿಲ್ಲಾ ಕೋರ್ಟು ಅಂದ್ರೆ ಅಲ್ಲಿನ ಫೆಡರಲ್ ವ್ಯವಸ್ಥೆಯ ಕೆಳಗಿನ ಮೆಟ್ಟಿಲು. ಅದರ ಮೇಲೆ ಅಪೀಲ್ ಕೋರ್ಟು, ಅದರ ಮೇಲೆ ಸುಪ್ರೀಂ ಕೋರ್ಟು. ಆದ್ರೆ ಸಾಕ್ಷಿಯ ಮುಖ ನೋಡೋದು, ಏನು ನಡೀತು ಅಂತ ಕೆದಕಿ ತೆಗೆಯೋದು ಕೆಳಗಡೆನೇ. ಮೇಲಿನವರು ಹೆಚ್ಚಾಗಿ ಕಾಗದ ಓದಿ ತೀರ್ಮಾನ ಮಾಡ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಲಾಗ್ ಫೈಲ್ ತೆರೆಯೋ ಮನುಷ್ಯ ಈ ಟ್ರಯಲ್ ಜಡ್ಜು.

ನಮ್ಮ ಜಾತಿಯವರಿಗೆ (ಪ್ರೋಗ್ರಾಮರ್ ಜಾತಿ ಸ್ವಾಮಿ!) ಅವರು ಗೊತ್ತಾಗಿದ್ದು 2012ರಲ್ಲಿ, ಒರೇಕಲ್ ಮತ್ತು ಗೂಗಲ್ ಜಗಳದಲ್ಲಿ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಜಾವಾದ 37 ಪ್ಯಾಕೇಜುಗಳ ಎಪಿಐ ಬಳಸಿತ್ತು. ಜೊತೆಗೆ 'ರೇಂಜ್‌ಚೆಕ್' ಅನ್ನೋ ಒಂಬತ್ತು ಸಾಲಿನ ಕೋಡ್ ಹಾಗೇ ನಕಲಾಗಿತ್ತು. ಆ ಒಂಬತ್ತು ಸಾಲನ್ನ ಒರೇಕಲ್ ವಕೀಲರು ದೊಡ್ಡ ಆಸ್ತಿ ಅನ್ನೋ ಹಾಗೆ ವಾದ ಮಾಡಿದಾಗ ಅಲ್ಸಪ್, ಇಂಥದ್ದನ್ನ ನಾನೇ ನೂರು ಸಲ ಬರೆದಿದ್ದೀನಿ ಅಂದುಬಿಟ್ರು. ಬೇಸಿಕ್‌ನಲ್ಲಿ ಪ್ರೋಗ್ರಾಂ ಬರೆಯೋದು ಅವರ ಹಳೇ ಹವ್ಯಾಸ. ತೀರ್ಪಿನಲ್ಲಿ ಎಪಿಐ ಅನ್ನ ಗ್ರಂಥಾಲಯಕ್ಕೆ ಹೋಲಿಸಿದ್ದಾರೆ: ಪ್ಯಾಕೇಜ್ ಒಂದು ಕಪಾಟು, ಕ್ಲಾಸ್ ಒಂದು ಪುಸ್ತಕ, ಮೆಥಡ್ ಅದರೊಳಗಿನ ಒಂದು ಅಧ್ಯಾಯ. ಫ್ರೆಶರ್‌ಗಳಿಗೆ ಇದಕ್ಕಿಂತ ಸರಳವಾಗಿ ಹೇಳಿಕೊಡೋಕೆ ನಂಗಂತೂ ಬರಲ್ಲ. ಈ ಎಪಿಐ ರಚನೆಗೆ ಕಾಪಿರೈಟ್ ಇಲ್ಲ ಅಂತ ಅವರ ತೀರ್ಮಾನ.

2014ರಲ್ಲಿ ಅಪೀಲ್ ಕೋರ್ಟು ಅದನ್ನ ತಳ್ಳಿಹಾಕ್ತು. ಕೇಸು ವಾಪಸ್ ಬಂತು. 2016ರಲ್ಲಿ ಅವರ ಕೋರ್ಟಿನಲ್ಲೇ ಜ್ಯೂರಿ, ಇದು ನ್ಯಾಯಯುತ ಬಳಕೆ ಅಂತು. 2018ರಲ್ಲಿ ಅದೂ ತಿರುವುಮುರುವು. ಕೊನೆಗೆ 2021ರಲ್ಲಿ ಸುಪ್ರೀಂ ಕೋರ್ಟು 6-2ರಲ್ಲಿ ಗೂಗಲ್ ಪರ ನಿಂತಿತು. ಆದ್ರೆ ಎಪಿಐಗೆ ಕಾಪಿರೈಟ್ ಇದೆಯೋ ಇಲ್ಲವೋ ಅನ್ನೋ ಮೂಲ ಪ್ರಶ್ನೆಗೆ ಉತ್ತರ ಕೊಡಲೇ ಇಲ್ಲ!

ಇಷ್ಟೇ ಆಗಿದ್ರೆ ನಾನು ಬರೀತಿರಲಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಕೇಸು.

2005ರ ಜನವರಿ. ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡ್ತಿದ್ದ ಮಲೇಷ್ಯಾದ ರಹೀನಾ ಇಬ್ರಾಹಿಂ ಊರಿಗೆ ಹೊರಟಿದ್ರು. ಆಪರೇಷನ್ ಆಗಿದ್ದರಿಂದ ವ್ಹೀಲ್‌ಚೇರ್ ಬೇಕಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿನಲ್ಲಿ, ಮಗಳ ಎದುರಿಗೇ, ಅವರ ಕೈಗೆ ಬೇಡಿ ಹಾಕಿದ್ರು. ವಿಮಾನ ಹತ್ತಬಾರದವರ ಪಟ್ಟಿಯಲ್ಲಿ ಅವರ ಹೆಸರಿತ್ತು. ಮಾರನೇ ದಿನ ಹೋಗೋಕೆ ಬಿಟ್ಟರು. ಆದ್ರೆ ವೀಸಾ ರದ್ದಾಯ್ತು, ಓದ್ತಿದ್ದ ಜಾಗಕ್ಕೆ ವಾಪಸ್ ಬರೋಕಾಗಲಿಲ್ಲ. ಯಾಕೆ ಅಂತ ಯಾರೂ ಹೇಳಲಿಲ್ಲ. ಅದು ಸರ್ಕಾರದ ಗುಟ್ಟು.

ಆಕೆ ಕೇಸು ಹಾಕಿದ್ರು. ಮೊದಮೊದಲು ಕೇಸಿನ ಮುಖ್ಯ ಭಾಗವನ್ನ ಕೈಬಿಟ್ಟವರು ಇದೇ ಅಲ್ಸಪ್. ಮೇಲಿನ ಕೋರ್ಟು 2008ರಲ್ಲಿ ಒಮ್ಮೆ, 2012ರಲ್ಲಿ ಇನ್ನೊಮ್ಮೆ, ವಿಚಾರಣೆ ಮಾಡಿ ಅಂತ ವಾಪಸ್ ಕಳಿಸ್ತು. 2013ರ ಡಿಸೆಂಬರಿನಲ್ಲಿ ವಿಚಾರಣೆಗೆ ಕೂತಾಗ ಮಾತ್ರ ಅಲ್ಸಪ್ ಬುಡದ ತನಕ ಹೋದ್ರು. ಅಲ್ಲಿ ಸಿಕ್ಕಿದ್ದೇನು ಗೊತ್ತಾ? ಒಂದು ಫಾರಂ! ಯಾವ ಪಟ್ಟಿಗೆ ಸೇರಿಸಬಾರದೋ ಅದಕ್ಕೆ ಗುರುತು ಹಾಕಿ ಅಂತ ಅದರ ಸೂಚನೆ. 2004ರಲ್ಲಿ ಎಫ್‌ಬಿಐ ಏಜೆಂಟ್ ಅದನ್ನ ಉಲ್ಟಾ ತುಂಬಿದ್ದ. ಆಕೆಯನ್ನ ಆ ಪಟ್ಟಿಗೆ ಸೇರಿಸೋ ಉದ್ದೇಶವೇ ಆತನಿಗಿರಲಿಲ್ಲ. ತಾನು ಮಾಡಿದ್ದು ತಪ್ಪು ಅಂತ ಆತನಿಗೆ ಗೊತ್ತಾಗಿದ್ದೂ 2013ರಲ್ಲಿ, ಈ ಕೇಸಿಗೆ ಹೇಳಿಕೆ ಕೊಡುವಾಗ.

2014ರ ಜನವರಿಯಲ್ಲಿ ತೀರ್ಪು ಬಂತು: ಆ ತಪ್ಪು ಹರಿದುಹೋದ ಎಲ್ಲಾ ದಾಖಲೆಗಳನ್ನ ಸರಿಮಾಡಿ, ಸರಿಮಾಡಿದ್ದೀವಿ ಅಂತ ಬರೆದುಕೊಡಿ.

ಡೇಟಾಬೇಸ್ ಜೊತೆ ಏಗೋ ಯಾರಿಗಾದ್ರೂ ಇದು ಅರ್ಥ ಆಗತ್ತೆ. ಒಂದು ರೆಕಾರ್ಡ್ ಕೆಟ್ರೆ ಅದು ಹತ್ತು ಕಡೆ ನಕಲಾಗತ್ತೆ. ಮೂಲದಲ್ಲಿ ತಿದ್ದಿದ್ರೂ ನಕಲುಗಳು ಹಾಗೇ ಉಳೀತಾವೆ. ನಮಗದು ಒಂದು ಟಿಕೆಟ್ ನಂಬರು. ಇಲ್ಲಿ ಒಬ್ಬ ಹೆಂಗಸಿನ ಒಂಬತ್ತು ವರ್ಷ. ಪ್ರಾಜೆಕ್ಟ್ ಅಂತ ಪಾಸ್‌ಪೋರ್ಟ್ ಹಿಡ್ಕೊಂಡು ಹೊರದೇಶದ ಕೌಂಟರ್ ಮುಂದೆ ನಿಲ್ಲೋ ನಮ್ಮಂಥವರಿಗೆ, ಗಾಜಿನ ಆಚೆ ಅಧಿಕಾರಿ ನೋಡ್ತಿರೋ ಆ ಸ್ಕ್ರೀನಿನಲ್ಲಿ ನಮ್ಮ ಬಗ್ಗೆ ಏನಿದೆಯೋ ಯಾರಿಗೆ ಗೊತ್ತು?

ಅಲ್ಸಪ್ 2021ರಲ್ಲಿ ಪೂರ್ಣಾವಧಿ ಹೊಣೆಯಿಂದ ಹಿಂದೆ ಸರಿದು ಸೀನಿಯರ್ ಜಡ್ಜ್ ಆದ್ರು. ಅವರ ಎಲ್ಲಾ ತೀರ್ಪೂ ಸರಿ ಅಂತ ನಾನು ಹೇಳ್ತಿಲ್ಲ, ಮೇಲಿನ ಕೋರ್ಟುಗಳೂ ಹಾಗಂದಿಲ್ಲ. ನಂಗೆ ಹಿಡಿಸಿದ್ದು ಇಷ್ಟು: 'ಸಿಸ್ಟಮ್ ಹಾಗೆ ಹೇಳತ್ತೆ' ಅನ್ನೋದು ಆ ವಿಚಾರಣೆಯಲ್ಲಿ ಉತ್ತರ ಆಗಲಿಲ್ಲ. ಸಿಸ್ಟಮ್‌ಗೆ ಹಾಗೆ ಹೇಳಿದ್ದು ಯಾರು ಅಂತ ಒಬ್ಬ ಮನುಷ್ಯ ಕೂತು ಹುಡುಕಬೇಕಾಯ್ತು. ಅಷ್ಟಕ್ಕೇ ಒಂಬತ್ತು ವರ್ಷ ಬೇಕಾಯ್ತಲ್ಲ, ಅದೇ ಸಂಕಟ.

ನೀವೇನಂತೀರಿ?