ಚುಕ್ಕಿ ಇಟ್ಟ ಜಾಗ

ಹೋದ ವರ್ಷದ ಸಂಚಿಕೆಗೆ ಏನಾದರೂ ಬರೆದುಕೊಡೆಂದು ನಮ್ಮ ಕನ್ನಡ ಅಧ್ಯಾಪಕರು ಕೇಳಿದಾಗ, ಬರೆಯುವಂತಹುದು ನನ್ನ ಬಾಳಿನಲ್ಲಿ ಏನೂ ನಡೆದಿಲ್ಲವೆಂದು ಹೇಳಿ ತಪ್ಪಿಸಿಕೊಂಡಿದ್ದೆ. ಈ ವರ್ಷ ಹಾಗೆ ಹೇಳುವಂತಿಲ್ಲ. ನಡೆದದ್ದನ್ನು ಇದ್ದಂತೆ ಬರೆಯುತ್ತೇನೆ. ಇದರಲ್ಲಿ ಕ್ಯಾಮೆರಾ, ತಂತಿ, ಪ್ಲಗ್ಗುಗಳ ಮಾತೇ ಹೆಚ್ಚು. ಬಿ.ಎ. ಓದುವವನಿಗೆ ಇದೆಲ್ಲ ಏಕೆಂದು ಮಿತ್ರರು ನಗದಿರಲಿ.

ನಮ್ಮ ಊರು ಕಿಬ್ಬನಹಳ್ಳಿ ಕ್ರಾಸಿನಿಂದ ಒಳಗೆ. ಆ ಕ್ರಾಸಿನಲ್ಲಿ ನಿಂತರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರಕ್ಕೂ ದಾರಿಯುಂಟು. ಯಾವ ದಾರಿ ಹಿಡಿದರೂ ಇಕ್ಕೆಲದಲ್ಲಿ ತೆಂಗು. ನಮಗೆ ಮಾತ್ರ ಸ್ವಂತದ್ದೆಂದು ಒಂದು ಮರವೂ ಇಲ್ಲ. ಅಪ್ಪ ಊರಿನ ಯಜಮಾನರೊಬ್ಬರ ಕೊಬ್ಬರಿ ಮನೆಯಲ್ಲಿ ಹಗಲು ಕಾಯಿ ಸುಲಿಯುತ್ತಾನೆ, ರಾತ್ರಿ ಕಾವಲಿರುತ್ತಾನೆ. ಸಹಿ ಹಾಕುವಷ್ಟು ಮಾತ್ರ ಅಕ್ಷರ ಬರುತ್ತದೆ. ಅವನು ಹುಟ್ಟಿದ ದಿನ ಯಾರಿಗೂ ತಿಳಿಯದು. ಗುರುತಿನ ಚೀಟಿಗಳಲ್ಲೆಲ್ಲ ಜನವರಿ 1 ಎಂದು ಬರೆದಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ.

ಉಂಡೆ ಕೊಬ್ಬರಿ ಆಗುವುದು ಅವಸರದ ಕೆಲಸವಲ್ಲ. ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಸದ್ದು ಮಾಡುತ್ತದೆ. ಹೀಗೆ ಒಂದು ಮನೆಯ ವರ್ಷದ ದುಡಿಮೆಯೆಲ್ಲ ಅಟ್ಟದ ಮೇಲೆ ಕುಳಿತಿರುತ್ತದೆ. 2025ರ ಹಂಗಾಮಿಗೆ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ವರ್ಷದ ನಡುವಿಗೆ ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ 25,000 ದಾಟಿತು. ಬೆಲೆಯೊಡನೆ ಕಳ್ಳರ ಭಯವೂ ಏರಿತು. ನಾಯಿ ಕಟ್ಟುತ್ತಿದ್ದವರು ಕ್ಯಾಮೆರಾ ಕಟ್ಟಿಸತೊಡಗಿದರು. ನಮ್ಮ ಯಜಮಾನರು ಯುಗಾದಿಯ ಹೊತ್ತಿಗೇ ನಾಲ್ಕನ್ನು ಹಾಕಿಸಿದ್ದರು.

ಜುಲೈ ತಿಂಗಳ ಒಂದು ರಾತ್ರಿ ಎರಡು ಮೂಟೆ ಕೊಬ್ಬರಿ ಕಾಣೆಯಾಯಿತು. ಬೆಳಿಗ್ಗೆ ಎಲ್ಲರೂ ಪರದೆಯ ಮುಂದೆ ಸೇರಿದರು. ರಾತ್ರಿ 1 ಗಂಟೆ 12 ನಿಮಿಷದವರೆಗೆ ಅಂಗಳದಲ್ಲಿ ಮಳೆ ಸುರಿಯುವುದು ಕಂಡಿತು. ಅದರ ಮುಂದಿನ ಚಿತ್ರ 3 ಗಂಟೆ 50 ನಿಮಿಷದ್ದು. ನಡುವೆ ಏನೂ ಇಲ್ಲ.

“ಕರೆಂಟು ಹೋಗಿತ್ತು ಸ್ವಾಮಿ” ಎಂದ ಅಪ್ಪ.

“ನನ್ನ ಫ್ಯಾನು ರಾತ್ರಿಯೆಲ್ಲ ತಿರುಗ್ತಿತ್ತಲ್ಲಯ್ಯ. ಪೆಟ್ಟಿಗೆಗೂ ಇನ್ವರ್ಟರ್ ಐತೆ. ಆ ಕೋಣೆಯ ಬೀಗದ ಕೈ ಯಾರ ಹತ್ರ ಇರೋದು?”

ಬೀಗದ ಕೈ ಇದ್ದದ್ದು ಅಪ್ಪನ ಬಳಿ. ಅವನು ಮತ್ತೆ ಮಾತನಾಡಲಿಲ್ಲ. ಸೊಂಟದಿಂದ ಅದನ್ನು ಬಿಚ್ಚಿ ಜಗುಲಿಯ ಮೇಲಿಟ್ಟು ಹಿಂದಕ್ಕೆ ಸರಿದು ನಿಂತ. ಆ ಸರಿದು ನಿಂತದ್ದನ್ನು ನಾನು ಮರೆಯಲಾರೆ. ಮರುದಿನ ಪೊಲೀಸರಿಗೆ ದೂರು ಕೊಡುವುದೆಂದಾಯಿತು. ಅಷ್ಟರೊಳಗೆ ಪೆಟ್ಟಿಗೆಯನ್ನು ಒಮ್ಮೆ ನಾನು ನೋಡಲೇ ಎಂದು ಕೇಳಿದೆ. ಯಜಮಾನರು ಕೆಟ್ಟವರಲ್ಲ. “ನೋಡು, ಓದಿದೋನು” ಎಂದರು.

ಈ ಏರ್ಪಾಟನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಪ್ರತಿ ಕ್ಯಾಮೆರಾದಿಂದ ಒಂದೊಂದು ತಂತಿ ಬಂದು ನೆಟ್‌ವರ್ಕ್ ಸ್ವಿಚ್ ಎಂಬ ಸಣ್ಣ ಪೆಟ್ಟಿಗೆಯನ್ನು ಸೇರುತ್ತದೆ. ಅದೇ ತಂತಿ ಕ್ಯಾಮೆರಾಕ್ಕೆ ವಿದ್ಯುತ್ತನ್ನು ಒಯ್ಯುತ್ತದೆ, ಅದರಿಂದ ಚಿತ್ರವನ್ನು ತರುತ್ತದೆ. ಅಲ್ಲಿಂದ ಚಿತ್ರಗಳು ರೆಕಾರ್ಡರಿಗೆ ಹೋಗಿ ಡಿಸ್ಕಿನಲ್ಲಿ ಉಳಿಯುತ್ತವೆ. ಯಜಮಾನರು ದಿನವೂ ಫೋನಿನಲ್ಲಿ ಅಂಗಳವನ್ನು ನೋಡುತ್ತಿದ್ದುದರಿಂದ ಎಲ್ಲ ಸರಿಯಿದೆಯೆಂದೇ ನಂಬಿದ್ದರು. ಆದರೆ ಈಗಿನದು ಕಾಣುವುದು ಬೇರೆ, ನಿನ್ನೆಯದು ಉಳಿಯುವುದು ಬೇರೆ.

ಮೊದಲು ಗಡಿಯಾರ ನೋಡಿದೆ. ಪೆಟ್ಟಿಗೆಯ ಗಡಿಯಾರ ತಪ್ಪಿದ್ದರೆ ಒಂದು ಗಂಟೆಯ ಚಿತ್ರ ಇನ್ನೊಂದು ಗಂಟೆಯ ಹೆಸರಿನಲ್ಲಿ ಅಡಗಿರಬಹುದು. ಅದು ಮೂರು ನಿಮಿಷ ಮಾತ್ರ ಹಿಂದಿತ್ತು. ಆಮೇಲೆ ಡಿಸ್ಕು. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಕಳುಹಿಸಿದರೆ ದಿನಕ್ಕೆ ಸುಮಾರು 43 ಗಿಗಾಬೈಟ್ ಬೇಕು, ನಾಲ್ಕಕ್ಕೆ 172. ಒಂದು ಟೆರಾಬೈಟ್ ಡಿಸ್ಕು ಆರು ದಿನದೊಳಗೆ ತುಂಬಿ, ಹಳೆಯದನ್ನು ಅಳಿಸಿ ಹೊಸದನ್ನು ಬರೆಯಲು ತೊಡಗುತ್ತದೆ. (ಪೊಲೀಸ್ ಠಾಣೆಗಳ ಕ್ಯಾಮೆರಾ ಚಿತ್ರಗಳು 18 ತಿಂಗಳು, ಅದಾಗದಿದ್ದರೆ ಕನಿಷ್ಠ 1 ವರ್ಷ ಉಳಿಯಬೇಕೆಂದು ಸುಪ್ರೀಂ ಕೋರ್ಟು 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಹೇಳಿತು. ಅದಕ್ಕೆ ಎಷ್ಟು ದೊಡ್ಡ ಡಿಸ್ಕು ಬೇಕೆಂದು ಗಣಿತ ಬಲ್ಲ ಮಿತ್ರರು ಲೆಕ್ಕ ಹಾಕಲಿ.) ಆದರೆ ಹೀಗೆ ಅಳಿಯುವುದು ಹಿಂದಿನ ತುದಿಯಿಂದ, ನಮ್ಮ ತೂತು ಬಿದ್ದದ್ದು ನಡುವೆ. ಮೂರನೆಯದಾಗಿ ವೇಳಾಪಟ್ಟಿ. ಏನಾದರೂ ಅಲುಗಿದಾಗ ಮಾತ್ರ ಬರೆದುಕೋ ಎಂದು ಹೇಳಿಟ್ಟಿದ್ದರೆ ಕೆಲವು ಹೊತ್ತು ಬಿಟ್ಟುಹೋಗುವುದುಂಟು. ಇಲ್ಲಿ ನಾಲ್ಕಕ್ಕೂ ಎಡೆಬಿಡದೆ ಬರೆಯುವ ಆಜ್ಞೆಯಿತ್ತು.

ಒಂದೇ ಕ್ಯಾಮೆರಾ ತಪ್ಪಿದ್ದರೆ ಅದರ ತಂತಿಯನ್ನು ಇಲಿ ಕಡಿದಿದೆಯೇ ಎಂದು ಹುಡುಕಬಹುದಿತ್ತು. ನಾಲ್ಕೂ ಒಂದೇ ನಿಮಿಷದಲ್ಲಿ ತಪ್ಪಿದ್ದವು. ಅಂದಮೇಲೆ ದೋಷ ನಾಲ್ಕೂ ಕೂಡುವ ಕಡೆ ಇರಬೇಕು.

ರೆಕಾರ್ಡರಿನೊಳಗೆ ಒಂದು ದಿನಚರಿ ಇರುತ್ತದೆ. ಚಿತ್ರಗಳು ಆರು ದಿನಕ್ಕೆ ಅಳಿದರೂ ಅದು ಬರಿಯ ಅಕ್ಷರವಾದ್ದರಿಂದ ತಿಂಗಳುಗಟ್ಟಲೆ ಉಳಿದಿತ್ತು. ತೆಗೆದು ಓದಿದೆ. ಆ ರಾತ್ರಿ ನಾಲ್ಕೂ ಕ್ಯಾಮೆರಾಗಳ ಸಂಪರ್ಕ ತಪ್ಪಿದೆ; ರೆಕಾರ್ಡರ್ ಮಾತ್ರ ಎಚ್ಚರವಾಗಿಯೇ ಇದೆ, ಯಾರೂ ಅದನ್ನು ನಿಲ್ಲಿಸಿಲ್ಲ. ಇಷ್ಟೇ ಅಲ್ಲ, ಮೇ ತಿಂಗಳಿನಿಂದ ಈಚೆಗೆ ಹೀಗೆ ಹನ್ನೊಂದು ರಾತ್ರಿ ಆಗಿದೆ. ಕೂಲಿಯ ಹಾಜರಿ ಪುಸ್ತಕವನ್ನು ತರಿಸಿ ಪಕ್ಕಕ್ಕಿಟ್ಟು ನೋಡಿದೆ. ಆ ಹನ್ನೊಂದರಲ್ಲಿ ಎರಡು ರಾತ್ರಿ ಅಪ್ಪ ಊರಿನಲ್ಲೇ ಇರಲಿಲ್ಲ; ಅತ್ತೆಯ ಮಗಳ ಮದುವೆಗೆ ತುರುವೇಕೆರೆಗೆ ಹೋಗಿದ್ದ.

ನಮ್ಮ ಇತಿಹಾಸದ ಅಧ್ಯಾಪಕರು ಒಮ್ಮೆ ತರಗತಿಗೆ ಎಪಿಗ್ರಾಫಿಯಾ ಕರ್ನಾಟಿಕದ 12ನೆಯ ಸಂಪುಟವನ್ನು ತಂದಿದ್ದರು. ತುಮಕೂರು ಜಿಲ್ಲೆಯ ಶಾಸನಗಳ ಆ ಸಂಪುಟವನ್ನು ಬಿ. ಎಲ್. ರೈಸರು 1904ರಲ್ಲಿ ಪ್ರಕಟಿಸಿದರು. ಕಲ್ಲು ಸವೆದು ಅಕ್ಷರ ಹೋದ ಕಡೆಗಳಲ್ಲಿ ಚುಕ್ಕಿಗಳನ್ನು ಮುದ್ರಿಸುವುದು ಇಂತಹ ಸಂಪುಟಗಳ ಪದ್ಧತಿ. “ಚುಕ್ಕಿ ಇಟ್ಟ ಜಾಗದಲ್ಲಿ ನಿಮ್ಮ ಊಹೆಯನ್ನು ಬರೆಯಬೇಡಿ; ಅಲ್ಲಿ ಅಕ್ಷರ ಹೋಗಿದೆ ಎಂಬುದಷ್ಟೇ ಅಲ್ಲಿಯ ಸುದ್ದಿ” ಎಂದು ಅವರು ಹೇಳಿದ್ದರು. ಅಂದು ಪರೀಕ್ಷೆಗೆಂದು ಬರೆದುಕೊಂಡ ಮಾತು ಈಗ ನೆನಪಾಯಿತು. ಎರಡೂವರೆ ಗಂಟೆಯ ಚುಕ್ಕಿಗಳಲ್ಲಿ ಊರೆಲ್ಲ ಅಪ್ಪನ ಹೆಸರನ್ನು ಓದಿಬಿಟ್ಟಿತ್ತು.

ಮಧ್ಯಾಹ್ನ ಯಜಮಾನರ ಎದುರಿಗೇ ಮೇನ್ ಸ್ವಿಚ್ಚನ್ನು ಆರಿಸಿದೆ. ಇನ್ವರ್ಟರ್ ಹಿಡಿದುಕೊಂಡಿತು, ಅವರ ಫ್ಯಾನು ತಿರುಗುತ್ತಲೇ ಇತ್ತು, ರೆಕಾರ್ಡರಿನ ದೀಪ ಉರಿಯುತ್ತಲೇ ಇತ್ತು. ಪರದೆಯ ನಾಲ್ಕು ಮನೆಗಳೂ ಕಪ್ಪಾದವು. ಮಳೆಗಾಲದಲ್ಲಿ ಸೋಗೆ ಬಿದ್ದು ಕರೆಂಟು ಹೋಗುವುದು ನಮ್ಮ ಕಡೆ ಹೊಸದಲ್ಲ. ಅಪ್ಪ ಹೇಳಿದ್ದು ನಿಜವಾಗಿತ್ತು. ಯಜಮಾನರು ಹೇಳಿದ್ದೂ ನಿಜವಾಗಿತ್ತು.

ನೆಟ್‌ವರ್ಕ್ ಸ್ವಿಚ್ಚಿನ ತಂತಿಯನ್ನು ಬೆರಳಿನಿಂದ ಹಿಡಿದು ಗೋಡೆಯವರೆಗೆ ಹೋದೆ. ಅಲ್ಲಿ ಎರಡು ಸಾಕೆಟ್ಟುಗಳು; ಎಡಗಡೆಯದು ಇನ್ವರ್ಟರಿನದು, ಬಲಗಡೆಯದು ಬರಿಯ ಲೈನಿನದು. ಪ್ಲಗ್ಗು ಬಲಗಡೆ ಇತ್ತು. ಅದನ್ನು ಕಂಡೊಡನೆ ನನ್ನ ಕೈ ತಣ್ಣಗಾಯಿತು.

ಮೇ ತಿಂಗಳಿನಲ್ಲಿ ನಮಗೆ ಕಿರುಪರೀಕ್ಷೆಗಳಿದ್ದವು. ಮನೆಯಲ್ಲಿ ದೀಪವಿಲ್ಲದ ಒಂದು ರಾತ್ರಿ ಅಪ್ಪನಿಗೆ ಊಟ ತಂದವನು ಆ ಕೋಣೆಯಲ್ಲೇ ಓದಲು ಕುಳಿತಿದ್ದೆ. ಫೋನಿಗೆ ಚಾರ್ಜು ಬೇಕಾಗಿತ್ತು. ಎಡಗಡೆಯ ಸಾಕೆಟ್ಟಿನಿಂದ ಯಾವುದೋ ಒಂದು ಪ್ಲಗ್ಗನ್ನು ಕಿತ್ತು ನನ್ನದನ್ನು ಚುಚ್ಚಿದೆ. ಬೆಳಗಾಗುವಾಗ ಕರೆಂಟು ಬಂದಿತ್ತು. ಕಿತ್ತದ್ದನ್ನು ಬಲಗಡೆಗೆ ಸಿಕ್ಕಿಸಿ ಬಸ್ಸಿಗೆ ಓಡಿದೆ. ದಿನಚರಿಯ ಮೊದಲ ತೂತು ಆ ವಾರದ್ದೇ.

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಪ್ಲಗ್ಗನ್ನು ಸದ್ದಿಲ್ಲದೆ ಎಡಗಡೆಗೆ ಬದಲಿಸಿ, ಹಾಕಿಕೊಟ್ಟವರ ತಪ್ಪೆಂದು ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಾವಲುಗಾರನ ಮಗನೇ ಕಿತ್ತನೆಂದರೆ ಅಪ್ಪನ ಮೇಲಿನ ಶಂಕೆ ಇನ್ನಷ್ಟು ಬಲಿಯುವುದೂ ಖಂಡಿತ. ನಾನು ಧೈರ್ಯಶಾಲಿಯೆಂದು ಓದುಗರು ತಿಳಿಯಬಾರದು. ಬಹಳ ಹೊತ್ತು ಆ ಪ್ಲಗ್ಗನ್ನು ಹಿಡಿದುಕೊಂಡು ಸುಮ್ಮನೆ ಕುಳಿತಿದ್ದೆ. ಕೊನೆಗೆ, ಚುಕ್ಕಿ ಇಟ್ಟ ಜಾಗದಲ್ಲಿ ಇನ್ನೊಬ್ಬನ ಹೆಸರು ಬರೆಯುವ ಕೆಲಸವನ್ನೇ ನಾನೂ ಮಾಡಲಿದ್ದೇನೆಂದು ತೋರಿ, ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

ಅವರು ನನ್ನನ್ನು ಬೈಯಲಿಲ್ಲ. ದಿನಚರಿಯನ್ನೂ ಹಾಜರಿ ಪುಸ್ತಕವನ್ನೂ ತಾವೇ ಮತ್ತೊಮ್ಮೆ ಸಾಲುಸಾಲಾಗಿ ಎಣಿಸಿದರು. “ಹಂಗಾದ್ರೆ ಹತ್ತು ರಾತ್ರಿ ಕ್ಯಾಮೆರಾನೂ ಇರ್ಲಿಲ್ಲ, ಒಂದು ಕಾಯೂ ಹೋಗ್ಲಿಲ್ಲ” ಎಂದರು. ಸ್ವಲ್ಪ ಹೊತ್ತಿನ ಮೇಲೆ ಜಗುಲಿಯ ಮೇಲಿದ್ದ ಬೀಗದ ಕೈಯನ್ನು ಅವರೇ ಎತ್ತಿ ಅಪ್ಪನ ಕೈಗೆ ಕೊಟ್ಟರು. ದೂರು ಕೊಟ್ಟರು; ಅದರಲ್ಲಿ ಅಪ್ಪನ ಹೆಸರಿರಲಿಲ್ಲ. ಮೂಟೆ ಒಯ್ದವರು ಯಾರೆಂದು ಇಂದಿಗೂ ತಿಳಿದಿಲ್ಲ. ತಿಳಿದಂತೆ ಬರೆಯಲು ನನಗೂ ಇಷ್ಟವಿಲ್ಲ.

ಆ ಸಂಜೆ ಮನೆಗೆ ನಡೆಯುವಾಗ ಅಪ್ಪ ಒಂದೇ ಮಾತು ಕೇಳಿದ: “ನೀನು ಕಿತ್ತಿದ್ದು ಅಂತ ಆ ಡಬ್ಬದಾಗೆ ಬರ್ದಿತ್ತಾ?” ಇಲ್ಲವೆಂದೆ. ಅವನು ತಲೆದೂಗಿ ಮುಂದೆ ನಡೆದ.

ಈಗ ಪ್ರತಿ ಭಾನುವಾರ ಮೇನ್ ಸ್ವಿಚ್ಚನ್ನು ಐದು ನಿಮಿಷ ಆರಿಸಿ, ಆ ಐದು ನಿಮಿಷದ ಚಿತ್ರ ಉಳಿದಿದೆಯೇ ಎಂದು ತೆಗೆದು ನೋಡುವುದು ನನ್ನ ಕೆಲಸ. ಗಡಿಯಾರವನ್ನೂ ಸರಿಮಾಡುತ್ತೇನೆ. ನಮ್ಮ ಕಾಲೇಜಿನ ಎಷ್ಟೋ ಮಿತ್ರರ ತೋಟಗಳಲ್ಲಿ ಇಂದು ಇಂತಹ ಪೆಟ್ಟಿಗೆಗಳಿವೆ. ಅವರಲ್ಲಿ ನನ್ನ ಬಿನ್ನಹವಿಷ್ಟೆ: ಇಂದಿನ ಅಂಗಳ ಫೋನಿನಲ್ಲಿ ಕಂಡಿತೆಂದು ತೃಪ್ತರಾಗದೆ, ನಿನ್ನೆ ರಾತ್ರಿಯ ಎರಡು ಗಂಟೆಯದನ್ನು ಒಮ್ಮೆ ತೆಗೆದು ನೋಡಿ. ಅಲ್ಲಿ ಏನೂ ಇಲ್ಲದಿದ್ದರೆ, ಕಾವಲುಗಾರನನ್ನು ಕರೆಯುವ ಮೊದಲು ಗೋಡೆಯ ಬಳಿಗೆ ಹೋಗಿ ಪ್ಲಗ್ಗನ್ನು ನೋಡಿ.