ಮಂಡಿಪೇಟೆಯಿಂದ ಮುಕ್ತ ತಂತ್ರಾಂಶದ ಮೇಳಕ್ಕೆ

ದಾವಣಗೆರೆಯ ಮಂಡಿಪೇಟೆಯೆಂದೊಡನೆ ಧಾನ್ಯದ ಚೀಲಗಳು, ತಕ್ಕಡಿ, ದಲ್ಲಾಳಿಗಳ ಮಾತು, ಹಮಾಲರ ಕೂಗು ಇವೇ ಕಣ್ಣಮುಂದೆ ಬರುವುದು ಸಹಜ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಈ ಊರಿನಲ್ಲಿ ಗಿರಣಿಗಳ ಸದ್ದು ಬಹುಮಟ್ಟಿಗೆ ಅಡಗಿದೆ. ನೆರೆಯ ಹರಿಹರದಲ್ಲಿ 1941ರಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿಹೋಗಿದೆ. ಆದರೂ ದುಡಿಯುವ ಕೈಗಳು ಸುಮ್ಮನಿರಲಾರವು. ಇದೇ ಪೇಟೆಯ ಮಾಳಿಗೆಯೊಂದರಲ್ಲಿ ಐದು ಗಣಕಯಂತ್ರಗಳನ್ನಿಟ್ಟುಕೊಂಡು ವರ್ತಕರಿಗೆ, ಶಾಲೆಗಳಿಗೆ ಜಾಲತಾಣಗಳನ್ನು ಕಟ್ಟಿಕೊಡುವ ಕಾಯಕ ನಮ್ಮದು. ನಾವು ಐವರು, ಮೂವರು ಯುವಕರು, ಇಬ್ಬರು ಯುವತಿಯರು. ಎಲ್ಲರೂ ಈ ಊರಿನ ಕಾಲೇಜುಗಳಲ್ಲಿಯೇ ಓದಿದವರು.

ನಾವು ಬಳಸುವ ಸಾಧನಗಳೆಲ್ಲ ಮುಕ್ತ ತಂತ್ರಾಂಶಗಳು. ಮುಕ್ತ ತಂತ್ರಾಂಶವೆಂದರೆ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶ. ನಮ್ಮೂರಿನ ಬೆಣ್ಣೆ ದೋಸೆಯ ಹದವನ್ನು ಕಾಗದದ ಮೇಲೆ ಬರೆದು ಅಂಗಡಿಯ ಬಾಗಿಲಿಗೆ ಅಂಟಿಸಿದಂತೆ ಎನ್ನಬಹುದು. ಜಾಗತಿಕ ಜಾಲವೇ ಇಂತಹ ಔದಾರ್ಯದ ಫಲ. ಟಿಮ್ ಬರ್ನರ್ಸ್ ಲೀ ಅವರು ರೂಪಿಸಿದ ಜಾಲದ ತಂತ್ರಾಂಶವನ್ನು ಜಿನೀವಾದ ಸರ್ನ್ ಸಂಸ್ಥೆಯು 1993ರ ಏಪ್ರಿಲ್ 30ರಂದು ಸರ್ವರ ಸ್ವತ್ತೆಂದು ಸಾರಿತು. 2003ರಲ್ಲಿ ಬಂದ ವರ್ಡ್‌ಪ್ರೆಸ್ ಸಹ ಅದೇ ದಾರಿಯದು. ನಮ್ಮ ಬಹುಪಾಲು ಜಾಲತಾಣಗಳು ಅದರ ಮೇಲೆಯೇ ನಿಂತಿವೆ.

ಈ ಸಂಗತಿಯನ್ನು ಕೇಳಿದ ಪೇಟೆಯ ಹಿರಿಯ ವರ್ತಕರೊಬ್ಬರು ನಮ್ಮ ಮುಂದೆ ಎರಡು ಪ್ರಶ್ನೆಗಳನ್ನಿಟ್ಟರು. ಸರಕು ಪುಕ್ಕಟೆ ಸಿಗುವುದಾದರೆ ನೀವು ಮಾರುವುದೇನು? ಅದನ್ನು ಮಾಡಿದವರ ಹೊಟ್ಟೆಗೇನು? ಮೊದಲನೆಯದಕ್ಕೆ ಉತ್ತರ ಸುಲಭ. ದೋಸೆಯ ಹದ ತಿಳಿದ ಮಾತ್ರಕ್ಕೆ ಗಿರಾಕಿಗಳು ಅಂಗಡಿ ಬಿಡುವುದಿಲ್ಲ. ಕಾವಲಿಯ ಮುಂದೆ ನಿಂತ ಕೈಗೇ ಬೆಲೆ. ನಾವು ಮಾರುವುದು ನಮ್ಮ ದುಡಿಮೆಯನ್ನು. ಎರಡನೆಯ ಪ್ರಶ್ನೆ ಮಾತ್ರ ನಮ್ಮನ್ನು ಬೆಂಗಳೂರಿನವರೆಗೂ ಹಿಂಬಾಲಿಸಿತು.

2024ರ ಸೆಪ್ಟೆಂಬರ್ 7 ಮತ್ತು 8ರಂದು ಬೆಂಗಳೂರಿನ ನಿಮ್ಹಾನ್ಸ್ ಸಭಾಭವನದಲ್ಲಿ ಫಾಸ್ ಯುನೈಟೆಡ್ ಸಂಸ್ಥೆಯ ಆಶ್ರಯದಲ್ಲಿ ಇಂಡಿಯಾಫಾಸ್ ಸಮ್ಮೇಳನ ಏರ್ಪಾಡಾಗಿತ್ತು. ಏಳನೆಯ ತಾರೀಖು ಗಣೇಶ ಚತುರ್ಥಿ. ಹಬ್ಬದ ದಿನ ಮನೆ ಬಿಟ್ಟು ಹೊರಡಲು ಹಿರಿಯರ ಅಪ್ಪಣೆ ದೊರಕಿಸಿಕೊಳ್ಳುವುದೇ ಪ್ರಯಾಣದ ಮೊದಲ ಹಂತವಾಯಿತು. ಕಡೆಗೆ ತಾಯಂದಿರು ಹಿಂದಿನ ದಿನವೇ ಕಡುಬು ಕಟ್ಟಿಕೊಟ್ಟು ಕಳುಹಿಸಿದರು. ಧಾರವಾಡದಿಂದ ಬರುವ ವಂದೇ ಭಾರತ್ ರೈಲು ಶುಕ್ರವಾರ ಮಧ್ಯಾಹ್ನ ನಮ್ಮನ್ನು ಹತ್ತಿಸಿಕೊಂಡಿತು. ಮೆಕ್ಕೆಜೋಳದ ಹೊಲಗಳು ಹಿಂದೆ ಸರಿದು, ಅರಸೀಕೆರೆಯ ಸುತ್ತಿನ ತೆಂಗಿನ ತೋಟಗಳು ಕಾಣಿಸಿಕೊಂಡವು. ಕತ್ತಲಾಗುವ ಹೊತ್ತಿಗೆ ಬೆಂಗಳೂರು ಸಮೀಪಿಸಿತ್ತು.

ಬೆಂಗಳೂರಿಗೆ ಇಂತಹ ಸಮ್ಮೇಳನಗಳು ಹೊಸತೇನಲ್ಲ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಿಂದ ಆರಂಭವಾದ ಮೇಳ 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ನಡೆದಿತ್ತು. ಆ ಪರಂಪರೆಯ ಮುಂದಿನ ತಲೆಮಾರನ್ನು ನಾವು ಹೊಸೂರು ರಸ್ತೆಯ ಆ ಭವನದಲ್ಲಿ ಕಂಡೆವು. ಒಳಗೆ ಉಪನ್ಯಾಸಗಳು; ಹೊರಗೆ ಮೊಗಸಾಲೆಯಲ್ಲಿ ಸಂತೆಯಂತೆ ಸಾಲಾಗಿ ಹಾಕಿದ ಮೇಜುಗಳು. ಒಂದೊಂದು ಮೇಜಿನ ಹಿಂದೆಯೂ ತಂತ್ರಾಂಶ ರಚಿಸಿದವರೇ ನಿಂತಿದ್ದರು. ಪದವಿ, ವಯಸ್ಸು, ಕಂಪನಿಯ ಗಾತ್ರ ಯಾವುದನ್ನೂ ಕೇಳದೆ, ನೀವು ಏನು ಮಾಡುತ್ತಿದ್ದೀರಿ ಎಂದಷ್ಟೇ ವಿಚಾರಿಸುವ ಅವರ ರೀತಿ ನಮ್ಮ ಸಂಕೋಚವನ್ನು ಕಳೆಯಿತು. ಉಪನ್ಯಾಸಗಳಿಗಿಂತ ಚಹಾ ಹೊತ್ತಿನ ಮಾತುಗಳಲ್ಲಿಯೇ ನಾವು ಹೆಚ್ಚು ಕಲಿತೆವೆಂದರೆ ಅತಿಶಯೋಕ್ತಿಯಲ್ಲ.

ಅಂತಹ ಮಾತುಗಳ ನಡುವೆ ಎಕ್ಸ್‌ಜೆಡ್ ಪ್ರಕರಣ ಪ್ರಸ್ತಾಪಕ್ಕೆ ಬಂತು. ಕಡತಗಳನ್ನು ಕುಗ್ಗಿಸುವ ಈ ಪುಟ್ಟ ತಂತ್ರಾಂಶ ಪ್ರಪಂಚದ ಅಸಂಖ್ಯ ಗಣಕಗಳಲ್ಲಿದೆ. ಅದನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಂಡು ದಣಿದಿದ್ದವರು ಒಬ್ಬರೇ ವ್ಯಕ್ತಿ. ನೆರವಿನ ಸೋಗಿನಲ್ಲಿ ಬಂದು ಎರಡು ವರ್ಷಗಳಿಗೂ ಮಿಕ್ಕಿ ವಿಶ್ವಾಸ ಗಳಿಸಿದ ಅನಾಮಿಕನೊಬ್ಬ ಅದರೊಳಗೆ ಕಳ್ಳಬಾಗಿಲನ್ನಿಟ್ಟ. ತಮ್ಮ ಗಣಕದ ಕೆಲಸದಲ್ಲಿ ಅರ್ಧ ಸೆಕೆಂಡಿನ ವಿಳಂಬವನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರು ಬೆನ್ನುಹತ್ತಿ ಅದನ್ನು ಪತ್ತೆಹಚ್ಚಿ, 2024ರ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಬರವಣಿಗೆ ತೆರೆದಿದ್ದುದರಿಂದಲೇ ಮೂಲದವರೆಗೆ ಹೋಗಲು ಸಾಧ್ಯವಾಯಿತು. ತಕ್ಕಡಿ ಎಲ್ಲರ ಕಣ್ಣೆದುರಿಗಿದ್ದರೆ ತೂಕದ ಮೋಸ ಬಯಲಾಗುತ್ತದೆ. ಆದರೆ ತಕ್ಕಡಿ ಹಿಡಿದವನು ಹಸಿದು ಒಂಟಿಯಾಗಿದ್ದರೆ ಪೇಟೆಗೇ ಅಪಾಯ. ಹಿರಿಯರ ಎರಡನೆಯ ಪ್ರಶ್ನೆಯ ತೂಕ ಆಗ ನಮಗೆ ಸ್ಪಷ್ಟವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬೆಂಗಳೂರಿನ ಜೆರೋಧಾ ಸಂಸ್ಥೆಯು ಇಂತಹ ತಂತ್ರಾಂಶಗಳ ಪೋಷಣೆಗೆ ವರ್ಷಕ್ಕೆ 10 ಲಕ್ಷ ಡಾಲರ್‌ಗಳ ನಿಧಿಯನ್ನು ಪ್ರಕಟಿಸಿದ್ದು ಸ್ವಾಗತಾರ್ಹ.

ದೊಡ್ಡವರು ಧನ ಕೊಡಬಲ್ಲರು. ಮಂಡಿಪೇಟೆಯ ಐವರು ಏನು ಕೊಡಬಲ್ಲರು? ಈ ಪತ್ರಿಕೆಯ ಓದುಗರಿಗೆ ಪ್ರಿಯವಾದ ನಿದರ್ಶನವೊಂದು ನಮ್ಮ ಮುಂದೆಯೇ ಇದೆ. ಕನ್ನಡದ ಕೆಲವು ತಂತ್ರಜ್ಞರೂ ವಿದ್ವಾಂಸರೂ ಸೇರಿ ರೂಪಿಸಿದ ವಚನ ಸಂಚಯ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ. ಪದವೊಂದನ್ನು ಕೊಟ್ಟರೆ ಯಾವ ಶರಣರು ಅದನ್ನು ಎಲ್ಲೆಲ್ಲಿ ಬಳಸಿದ್ದಾರೆಂಬುದನ್ನು ಕ್ಷಣಮಾತ್ರದಲ್ಲಿ ಕಾಣಬಹುದು. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರವಿನ್ಯಾಸಗಳೂ ಹೀಗೆಯೇ ಎಲ್ಲರಿಗಾಗಿ ತೆರೆದಿಟ್ಟವು. ಕಾಯಕದ ಪಕ್ಕದಲ್ಲಿಯೇ ದಾಸೋಹವನ್ನಿಟ್ಟ ನಾಡಿಗೆ ಈ ರೀತಿ ಅಪರಿಚಿತವೇನಲ್ಲ.

ಎರಡನೆಯ ದಿನ, ಲೆಕ್ಕಪತ್ರದ ತಂತ್ರಾಂಶವೊಂದರ ಮೇಜಿನ ಬಳಿ, ಕನ್ನಡದ ವರ್ತಕರು ನಿಜವಾಗಿ ಆಡುವ ಮಾತುಗಳು ಯಾವುವೆಂದು ಒಬ್ಬರು ನಮ್ಮನ್ನು ಕೇಳಿದರು. ಅಲ್ಲಿಯೇ ನಮ್ಮ ಉತ್ತರ ದೊರಕಿತು. ಜಮಾ, ಖರ್ಚು, ಬಾಕಿ, ದಲಾಲಿ, ಹಮಾಲಿ, ಖಾತೆ, ಕಡತ: ಇವು ನಿಘಂಟು ನೋಡಿ ಮಾಡಿದ ಪದಗಳಲ್ಲ, ತಲೆಮಾರುಗಳಿಂದ ಚಲಾವಣೆಯಲ್ಲಿರುವ ನಾಣ್ಯಗಳು. ಇವನ್ನು ಬಲ್ಲವರು ಮಹಾನಗರದ ಗಾಜಿನ ಕಟ್ಟಡಗಳಲ್ಲಿಲ್ಲ. ನಮ್ಮ ಮಾಳಿಗೆಯ ಕೆಳಗಿನ ಗದ್ದಿಗೆಗಳ ಮೇಲೆ ಕುಳಿತಿದ್ದಾರೆ. ಮರುಪ್ರಯಾಣದಲ್ಲಿಯೇ ಪಟ್ಟಿ ಆರಂಭವಾಯಿತು. ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ಎರಡು ಗಂಟೆ ಈ ಅನುವಾದಕ್ಕೇ ಮೀಸಲು. ಪೇಟೆಯ ಹಿರಿಯರು ಪದಗಳನ್ನು ಹೇಳುತ್ತಾರೆ, ನಾವು ದಾಖಲಿಸಿ ಎಲ್ಲರಿಗೂ ತೆರೆದಿಡುತ್ತೇವೆ.

1951ರಲ್ಲಿ ಸ್ಥಾಪಿತವಾದ ಯುಬಿಡಿಟಿ ಕಾಲೇಜು, 1979ರಲ್ಲಿ ಆರಂಭವಾದ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಇರುವ ಈ ಊರಿನಲ್ಲಿ ಬುದ್ಧಿವಂತ ಮಕ್ಕಳಿಗೆ ಕೊರತೆಯಿಲ್ಲ. ಓದು ಮುಗಿದೊಡನೆ ಅವರಲ್ಲಿ ಅನೇಕರು ರೈಲು ಹತ್ತುತ್ತಾರೆ. ಮುಕ್ತ ತಂತ್ರಾಂಶದ ಕೆಲಸಕ್ಕೆ ಊರು ಬಿಡಬೇಕಾಗಿಲ್ಲ. ಮಾಡಿದವರ ಹೆಸರಿನೊಂದಿಗೆ ಕೆಲಸ ಎಲ್ಲರ ಕಣ್ಣಿಗೆ ಬೀಳುವುದರಿಂದ ನಾಳಿನ ಉದ್ಯೋಗಕ್ಕೂ ಅದು ಸಾಕ್ಷಿಯಾಗಿ ನಿಲ್ಲುತ್ತದೆ. ಆದ್ದರಿಂದ ಮನೆಯ ಮಗನಾಗಲಿ ಮಗಳಾಗಲಿ ಸಂಜೆ ಗಣಕದ ಮುಂದೆ ಕುಳಿತು ಸಂಬಳವಿಲ್ಲದ ಕೆಲಸವೊಂದರಲ್ಲಿ ಮುಳುಗಿದ್ದರೆ ತಂದೆತಾಯಿಗಳು ಗದರಿಸುವ ಮುನ್ನ, ಅದು ಯಾರಿಗಾಗಿ ಎಂದು ಒಮ್ಮೆ ಕೇಳಬೇಕೆಂಬುದು ನಮ್ಮ ವಿನಂತಿ. ಬರುವ ಉತ್ತರ ಅವರಿಗೆ ಸಂತೋಷ ಕೊಡಲೂಬಹುದು.